ಖಾಲಿ ಬಾಟಲಿ, ಕತ್ತದ ಹಗ್ಗ, ಕರಾವಳಿಯ ತೇವ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗಾಜಿನ ಬಾಟಲಿಗಳಿಂದ ಮನೆಗೆ ಬೇಕಾದ ಅಲಂಕಾರದ ಸಾಮಾನು ಮಾಡಹೊರಟವರ ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವು, ಕೆಲವು ಘಟ್ಟದ ಮೇಲಿನವು.

ದಾರಕ್ಕೆ ಸೀಮೆಎಣ್ಣೆ ಅದ್ದಿ, ಬಾಟಲಿಗೆ ಕಟ್ಟಿ, ಬೆಂಕಿ ಹಚ್ಚಿ ತಣ್ಣೀರಲ್ಲಿ ಮುಳುಗಿಸಿದೆ. ನಾಲ್ಕರಲ್ಲಿ ಮೂರು ಸೊಟ್ಟಸೊಟ್ಟ ಒಡೆದವು. ನೆಟ್ಟಗೆ ಕತ್ತರಿಸುವುದು ಹೇಗೆ?
— ಓದುಗರು, ಕಾರವಾರ

ನಾಲ್ಕರಲ್ಲಿ ಒಂದು ಸರಿಯಾಗಿದ್ದೇ ಅದೃಷ್ಟ. ಗಾಜು ಕಾವನ್ನು ಬೇಗ ಹರಡುವುದಿಲ್ಲ. ದಾರದ ಗಂಟಿನ ಹತ್ತಿರ ಎಣ್ಣೆ ಹೆಚ್ಚು ನಿಲ್ಲುತ್ತದೆ, ಅಲ್ಲಿ ಉರಿ ಜೋರು; ಎದುರು ಬದಿ ಅಷ್ಟು ಕಾಯುವುದಿಲ್ಲ. ಮೇಲಾಗಿ ಬಿರುಕಿಗೆ ದಾರಿ ತೋರಿಸುವ ಗೀರೇ ಇಲ್ಲ. ಹಾಗಾಗಿ ಅದು ಗಾಜು ತೆಳ್ಳಗಿರುವ ಕಡೆ ಓಡುತ್ತದೆ. ಸೀಮೆಎಣ್ಣೆಯ ಬದಲು ಥಿನ್ನರ್ ಬಳಸುವವರೂ ಇದ್ದಾರೆ. ಅದರ ಆವಿಗೇ ಬೆಂಕಿ ಹತ್ತುತ್ತದೆ, ಮನೆಯೊಳಗೆ ಖಂಡಿತ ಬೇಡ.

ಗಾಜು-ಪ್ಲೈವುಡ್ ಅಂಗಡಿಯಲ್ಲಿ ಸಿಗುವ ಚಕ್ರದ ಗ್ಲಾಸ್ ಕಟರ್ ತನ್ನಿ. ಬೇಕಾದ ಎತ್ತರಕ್ಕೆ ಹಲಗೆ ತುಂಡುಗಳನ್ನು ಪೇರಿಸಿ, ಮೇಲಿನ ಹಲಗೆಗೆ ಕಟರನ್ನು ಕ್ಲಾಂಪ್ ಹಾಕಿ ಬಿಗಿಯಿರಿ. ಅಲುಗಬೇಕಾದದ್ದು ಬಾಟಲಿ, ಕಟರ್ ಅಲ್ಲ. ಚಕ್ರಕ್ಕೆ ಒಂದು ಹನಿ ಸೀಮೆಎಣ್ಣೆ ಬಿಟ್ಟು, ಬಾಟಲಿಯನ್ನು ಚಕ್ರಕ್ಕೆ ಒತ್ತಿ ಹಿಡಿದು ಒಂದೇ ಸುತ್ತು ತಿರುಗಿಸಿ. ‘ಕಿರ್ರ್’ ಎಂಬ ಸದ್ದು ಉದ್ದಕ್ಕೂ ಒಂದೇ ಸಮ ಬರಬೇಕು. ಸದ್ದು ನಿಂತ ಕಡೆ ಗೀರು ಬಿದ್ದಿಲ್ಲ ಎಂದರ್ಥ. ಹಾಗೆಂದು ಅದೇ ಗೀರಿನ ಮೇಲೆ ಎರಡನೇ ಸಲ ಎಳೆಯಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ: ಎರಡನೇ ಗೀರು ಪಕ್ಕಕ್ಕೆ ಸಣ್ಣ ಸಣ್ಣ ಬಿರುಕು ಹುಟ್ಟಿಸುತ್ತದೆ, ಆಮೇಲೆ ದೊಡ್ಡ ಬಿರುಕು ಅದರಲ್ಲೊಂದನ್ನು ಹಿಡಿದು ಹೋಗುತ್ತದೆ. ಗೀರಿನ ತುದಿ ಶುರುವಾದ ಜಾಗಕ್ಕೇ ಬಂದು ಸೇರಬೇಕು, 2 ಮಿ.ಮೀ. ತಪ್ಪಿದರೂ ಅಲ್ಲಿ ಮೆಟ್ಟಿಲಾಗುತ್ತದೆ. ತಳದ ತಿರುವಿನಿಂದ, ಹೆಗಲಿನಿಂದ ಕನಿಷ್ಠ 2 ಸೆಂ.ಮೀ. ದೂರವಿರಿ. ಉಬ್ಬಕ್ಷರ ಇರುವ ಕಡೆಯೂ ಬೇಡ.

ಬಕೆಟ್ಟಿನ ತಳಕ್ಕೆ ಮಡಿಸಿದ ಗೋಣಿ ಹಾಸಿ. ಕೆಟಲಿನಿಂದ ಕುದಿನೀರನ್ನು ಸಣ್ಣ ಧಾರೆಯಾಗಿ ಗೀರಿನ ಮೇಲೆಯೇ ಬಿಡುತ್ತ ಬಾಟಲಿಯನ್ನು 8–10 ಸೆಕೆಂಡು ತಿರುಗಿಸಿ. ಕೂಡಲೇ ನಲ್ಲಿಯ ತಣ್ಣೀರಿನ ಸಣ್ಣ ಧಾರೆಗೆ ಹಿಡಿಯಿರಿ. ಸಾಮಾನ್ಯವಾಗಿ ಮೂರರಿಂದ ಐದು ಸರದಿಯಲ್ಲಿ ‘ಟಕ್’ ಎಂದು ತಾನಾಗಿ ಬಿಟ್ಟುಕೊಳ್ಳುತ್ತದೆ. ಕೈಯಿಂದ ಎಳೆಯುವುದು, ಬಡಿಯುವುದು ಬೇಡ. ಐಸ್ ನೀರೂ ಬೇಡ: ಕಾವಿನ ಅಂತರ ವಿಪರೀತವಾದರೆ ಬಿರುಕು ಗೀರನ್ನು ಲೆಕ್ಕಿಸುವುದಿಲ್ಲ. ಕನ್ನಡಕ, ದಪ್ಪ ಕೈಗವಸು, ಕಾಲಿಗೆ ಬೂಟು ಇರಲಿ. ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಮಾಡಬೇಡಿ.

ಅಂಚು ಉಜ್ಜಲು ಕಪ್ಪು ವಾಟರ್ ಪೇಪರ್ ಬೇಕು, ಮರಕ್ಕೆ ಉಜ್ಜುವ ಕೆಂಪು ಕಾಗದ ಅಲ್ಲ. ಚಪ್ಪಟೆ ಟೈಲ್ಸ್ ತುಂಡಿನ ಮೇಲೆ 80 ನಂಬರಿನದನ್ನು ಹಾಸಿ, ನೀರು ಚಿಮುಕಿಸಿ, ಬಾಟಲಿಯನ್ನು ಬೋರಲು ಹಾಕಿ ದೋಸೆ ಹೆಂಚಿನ ಮೇಲೆ ಹಿಟ್ಟು ಹರಡುವ ಹಾಗೆ ಸುತ್ತಿಸಿ. ಚಕ್ಕೆ ಎದ್ದ ಗುರುತೆಲ್ಲ ಹೋಗಲು ಹತ್ತು ನಿಮಿಷವಾದರೂ ಬೇಕು. ಆಮೇಲೆ 150, 220, 400, 600. ಕೊನೆಗೆ ಅಂಚಿನ ಒಳಮೂಲೆ, ಹೊರಮೂಲೆ ಎರಡನ್ನೂ ಓರೆಯಾಗಿ ಉಜ್ಜಿ. ಒಳಮೂಲೆಯನ್ನು ಮರೆಯುವವರೇ ಹೆಚ್ಚು, ಬೆರಳು ಕುಯ್ಯುವುದೂ ಅದೇ. ಒಣಗಿದ್ದಾಗ ಉಜ್ಜಿದರೆ ಗಾಜಿನ ಪುಡಿ ಉಸಿರಿನೊಳಗೆ ಹೋಗುತ್ತದೆ. ಒದ್ದೆಯಾಗಿಯೇ ಉಜ್ಜಿ, ರಾಡಿಯನ್ನು ಕಾಗದದಲ್ಲಿ ಒರೆಸಿ ಕಟ್ಟಿ ಎಸೆಯಿರಿ. ಹೀಗೆ ಮಾಡಿದ್ದರಲ್ಲಿ ಪೆನ್ನು, ಹೂವು, ಊದುಬತ್ತಿ ಇಡಬಹುದು. ಕುಡಿಯುವ ಲೋಟ ಮಾಡಬೇಡಿ ಎಂಬುದೇ ನಮ್ಮ ಸಲಹೆ.

ಗೋಲಿ ಸೋಡಾದ ಬಾಟಲಿ ಸಿಕ್ಕಿದರೆ ಕತ್ತರಿಸಲು ಹೋಗಲೇಬೇಡಿ. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದ ವಿನ್ಯಾಸ ಅದು. ಗ್ಯಾಸಿನ ಒತ್ತಡ ತಡೆಯಲು ಗಾಜು ದಪ್ಪ, ಕೊರಳು ಹಿಚುಕಿದ ಹಾಗಿರುವುದರಿಂದ ದಪ್ಪ ಎಲ್ಲೂ ಒಂದೇ ಸಮನಿಲ್ಲ. ತೊಳೆದು ಕಿಟಕಿಯಲ್ಲಿಟ್ಟರೆ ಅದೇ ಅಲಂಕಾರ.

ಬಾಟಲಿಗೆ ಕತ್ತದ ಹಗ್ಗ ಸುತ್ತಿ ಹೂದಾನಿ ಮಾಡಿದ್ದೆ. ಆಷಾಢದಲ್ಲಿ ಬೂಷ್ಟು ಹಿಡಿಯಿತು, ಕೆಳಗಿನ ಸುತ್ತುಗಳೆಲ್ಲ ಜಾರಿದವು. ಒಂದು ಬಾಟಲಿಗೆ ಎಷ್ಟು ಹಗ್ಗ ಬೇಕು ಎಂಬುದನ್ನೂ ತಿಳಿಸಿ.
— ಗೃಹಿಣಿ, ಕುಮಟಾ

ಮೊದಲು ಲೆಕ್ಕ. 650 ಮಿ.ಲೀ. ಬಾಟಲಿಯ ಸುತ್ತಳತೆ ಸುಮಾರು 23 ಸೆಂ.ಮೀ. 4 ಮಿ.ಮೀ. ದಪ್ಪದ ಹಗ್ಗವಾದರೆ ಒಂದು ಸೆಂ.ಮೀ. ಎತ್ತರಕ್ಕೆ ಎರಡೂವರೆ ಸುತ್ತು. ನೆಟ್ಟಗಿನ ಭಾಗ 17 ಸೆಂ.ಮೀ. ಇದ್ದರೆ 42–43 ಸುತ್ತು, ಅಂದರೆ 10 ಮೀಟರ್. ಹೆಗಲು, ಕೊರಳಿಗೆ ಮೂರೂವರೆ ಮೀಟರ್. 15 ಮೀಟರ್ ಇಟ್ಟುಕೊಂಡರೆ ಕೊರತೆಯಾಗದು.

ಜಾರಿದ್ದು ಅಂಟಿನಿಂದ. ಮರಕ್ಕೆ ಹಚ್ಚುವ ಬಿಳಿ ಅಂಟು ನೀರಿನಲ್ಲಿ ಕಲಸಿದ್ದು. ಗಾಜು ಆ ನೀರನ್ನು ಹೀರದು; ಮಳೆಗಾಲದಲ್ಲಿ ಹಗ್ಗವೇ ತೇವ ಎಳೆದುಕೊಂಡು ಒಣಗಿದ ಅಂಟನ್ನು ಮತ್ತೆ ಮೆತ್ತಗೆ ಮಾಡುತ್ತದೆ. ಚಪ್ಪಲಿ ರಿಪೇರಿಯವರು ಬಳಸುವಂಥ ರಬ್ಬರ್ ಅಂಟು ಹಚ್ಚಿ: ಬಾಟಲಿಗೂ ಹಗ್ಗಕ್ಕೂ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಜಿಗುಟಾದಾಗ ಒತ್ತಿ. ಹಸಿಯಾಗಿದ್ದಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಮೊದಲ ಮೂರು, ಕೊನೆಯ ಮೂರು ಸುತ್ತಿಗೆ ಪೂರ್ತಿ, ನಡುವೆ ಮೇಲಿಂದ ಕೆಳಗೆ ನಾಲ್ಕು ಗೆರೆ ಅಂಟು ಸಾಕು. ಕಿಟಕಿ ಬಾಗಿಲು ತೆರೆದಿರಲಿ, ಒಲೆ ಹತ್ತಿರ ಇರಬಾರದು.

ಸುತ್ತುವುದನ್ನು ತಳದಿಂದ 1 ಸೆಂ.ಮೀ. ಮೇಲೆ ಶುರುಮಾಡಿ. ತಳಕ್ಕೇ ತಾಗಿಸಿದರೆ ಮೇಜು ಒರೆಸಿದ ನೀರನ್ನೆಲ್ಲ ಹಗ್ಗ ದೀಪದ ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಬೂಷ್ಟು ಅಲ್ಲಿಂದಲೇ ಏರುವುದು. 250 ಮಿ.ಲೀ. ಬಿಸಿನೀರಿಗೆ ಎರಡು ಚಮಚ ಬಿಳಿಗಾರ (ಬೊರಾಕ್ಸ್) ಕರಗಿಸಿ ಹಗ್ಗವನ್ನು ಅದ್ದಿ ತೆಗೆದು, ಎರಡು ದಿನ ಬಿಸಿಲಿಗೆ ಹಾಕಿ ಆಮೇಲೆ ಸುತ್ತಿ. ಬಿಳಿಗಾರ ಮಕ್ಕಳ ಕೈಗೆ ಸಿಗದಿರಲಿ. ಈ ಕೆಲಸವನ್ನೆಲ್ಲ ಮಿರ್ಗದ (ಮೃಗಶಿರ) ಮಳೆ ಹಿಡಿಯುವ ಮೊದಲೇ ಮುಗಿಸಬೇಕು.

ಬಾಟಲಿಯಲ್ಲಿ ಹಾಕುವ ತಂತಿ ದೀಪ ಎರಡೇ ತಿಂಗಳಿಗೆ ಕೆಟ್ಟಿತು. ತಂತಿ ಹಸಿರಾಗಿದೆ.
— ಓದುಗರು, ಅಂಕೋಲಾ

ಅದು ಕಿಲುಬು. ತಾಮ್ರದ ತಂತಿಗೆ ತೆಳುವಾದ ಮೆರುಗೆಣ್ಣೆ ಪೊರೆ ಇರುತ್ತದೆ. ಬಾಟಲಿಯ ಬಾಯಿಗೆ ತಿಕ್ಕಿ ಅದು ಕಿತ್ತುಹೋದ ಕಡೆ ಕಡಲ ಗಾಳಿಯ ಉಪ್ಪು, ತೇವ ಸೇರಿ ತಾಮ್ರವನ್ನು ತಿನ್ನುತ್ತವೆ. ಬಿರಡೆಯೊಳಗಿನ ಸೆಲ್ ಕೂರುವ ಜಾಗ ಇನ್ನೂ ಬೇಗ ಹಾಳಾಗುತ್ತದೆ. ಬಾಟಲಿ ತೊಳೆದು ಬೋರಲು ಹಾಕಿ ಎರಡು ದಿನ ಒಣಗಿಸಿ. ಒಳಗೆ ಹನಿ ನೀರಿದ್ದು ಬಿರಡೆ ಹಾಕಿದರೆ ರಾತ್ರಿ ಅದೇ ಬೆವರಾಗಿ ತಂತಿಯ ಮೇಲೆ ಕೂರುತ್ತದೆ. ಸೆಲ್ ತಾಗುವ ತಗಡಿಗೆ ವ್ಯಾಸಲೀನ್ ತೆಳ್ಳಗೆ ಸವರಿ, ಬಳಸದಿದ್ದಾಗ ಸೆಲ್ ತೆಗೆದಿಡಿ. ಆ ಗುಂಡಿ ಸೆಲ್ ಮಗು ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಯುಎಸ್‌ಬಿಗೆ ಸಿಕ್ಕಿಸುವ 5 ವೋಲ್ಟಿನ ದೀಪವೇ ಲೇಸು.

ಅದರ ತಂತಿ ಹೊರಬರಲು ತಳದ ಹತ್ತಿರ ತೂತು ಬೇಕು. ಗೋಡೆ ಕೊರೆಯುವ ಬಿಟ್ ಗಾಜನ್ನು ಒಡೆಯುತ್ತದೆ, 10 ಮಿ.ಮೀ.ನ ಡೈಮಂಡ್ ಕೋರ್ ಬಿಟ್ (ಅಂಚಿಗೆ ವಜ್ರದ ಪುಡಿ ಕೂರಿಸಿದ ಕೊಳವೆಯಂಥ ಬಿಟ್) ತನ್ನಿ. ಡ್ರಿಲ್ ಬ್ಯಾಟರಿಯದ್ದಾಗಿರಲಿ, ಬಡಿಯುತ್ತ ಕೊರೆಯುವ ಹ್ಯಾಮರ್ ಬಂದ್ ಇರಲಿ, ವೇಗ ಕಡಿಮೆ. ಬಿಟ್ ಜಾರದಂತೆ ಮೊದಲು ಓರೆಯಾಗಿ ಹಿಡಿದು ಅರ್ಧಚಂದ್ರದ ಗುರುತು ಬಿದ್ದ ಮೇಲೆ ನೆಟ್ಟಗೆ ಮಾಡಿ. ಇನ್ನೊಬ್ಬರು ಚಮಚದಿಂದ ನೀರು ಬಿಡುತ್ತಿರಲಿ. ಗಾಜಿನ ಬಿಳಿ ಹಿಟ್ಟು ಒಣಗಿ ಕಂಡಿತೆಂದರೆ ನೀರು ಸಾಲದು. ಒತ್ತಡ ಡ್ರಿಲ್ಲಿನ ಭಾರದಷ್ಟೇ ಸಾಕು, ಕೊನೆಯ ಒಂದು ಮಿ.ಮೀ.ನಲ್ಲಿ ಅದೂ ಕಡಿಮೆ. ತೂತಿಗೆ ರಬ್ಬರ್ ಬಳೆ ಹಾಕದೆ ತಂತಿ ತೂರಿಸಬೇಡಿ.

ಬಾಟಲಿಯ ಮನಿಪ್ಲಾಂಟಿನ ನೀರು ಪಾಚಿಗಟ್ಟುತ್ತದೆ. ಸೊಳ್ಳೆ ಭಯವೂ ಇದೆ.
— ಶಿಕ್ಷಕಿ, ಶಿರಸಿ

ಪಾಚಿಗೆ ಬೆಳಕು ಬೇಕು. ಬಿಳಿ ಬಾಟಲಿ ಬಿಟ್ಟು ಕಂದು ಬಣ್ಣದ್ದು ಬಳಸಿ, ಅಥವಾ ಮೇಲೆ ಹೇಳಿದಂತೆ ಹಗ್ಗ ಸುತ್ತಿ. ಎರಡು ಗೆಣ್ಣು ನೀರಿನೊಳಗಿರಲಿ, ಬೇರು ಬರುವುದು ಅಲ್ಲಿಂದಲೇ; ಎಲೆ ಮುಳುಗಿದರೆ ಕೊಳೆಯುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು 7–10 ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ, ತಪ್ಪದೆ, ನೀರು ಬದಲಿಸಿ. ಬರೀ ಚೆಲ್ಲಿದರೆ ಸಾಲದು: ಮೊಟ್ಟೆಗಳು ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಗಾಜಿಗೇ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಬಾಟಲಿ ಬ್ರಷ್ ಹಾಕಿ ತಿಕ್ಕಿ, ಬಾಯಿಗೆ ಸ್ವಲ್ಪ ತೆಂಗಿನ ನಾರು ತುರುಕಿ.

ತಳ ಕತ್ತರಿಸಿದ ಬಾಟಲಿಯನ್ನು ಹಣತೆಯ ಮೇಲೆ ಮುಚ್ಚಿದರೆ ದೀಪ ಆರುತ್ತದೆ. ಇನ್ನೊಂದು ಬಾಟಲಿ ಒಡೆದೇ ಹೋಯಿತು.
— ಓದುಗರು, ಭಟ್ಕಳ

ತಟ್ಟೆಗೆ ಬಾಟಲಿ ಅಂಟಿ ಕೂತರೆ ಕೆಳಗಿನಿಂದ ಗಾಳಿ ಬರುವುದಿಲ್ಲ. ಮೂರು ಸಣ್ಣ ಕಲ್ಲಿಟ್ಟು 5 ಮಿ.ಮೀ. ಎತ್ತರಿಸಿ. ಒಡೆದದ್ದು ಉರಿ ಒಂದೇ ಬದಿಗೆ ತಾಗಿದ್ದರಿಂದ. ಬತ್ತಿ ಗಾಜಿನಿಂದ 3 ಸೆಂ.ಮೀ. ದೂರವಿರಬೇಕು, ಬಿಯರ್ ಬಾಟಲಿಯ ಒಳಗೆ ಅಷ್ಟು ಜಾಗ ನಡುಮಧ್ಯದಲ್ಲಿ ಮಾತ್ರ ಸಿಗುತ್ತದೆ. ತಟ್ಟೆಗೆ ಮರಳು ಹಾಕುವುದಾದರೆ ಸಿಹಿನೀರಲ್ಲಿ ಮೂರು ಸಲ ತೊಳೆದು ಒಣಗಿಸಿದ್ದು ಹಾಕಿ. ಸಮುದ್ರದ ಮರಳಿನ ಉಪ್ಪು ತೇವ ಹಿಡಿದು ಗಾಜನ್ನು ಮಂಜು ಮಾಡುತ್ತದೆ.

ಜೇನಿನ ಬಾಟಲಿಯ ಲೇಬಲ್ಲಿನ ಗೋಂದು ಹೋಗುವುದಿಲ್ಲ. ಹಳೆಯ ಕೆಲವು ಬಾಟಲಿ ಎಷ್ಟು ತೊಳೆದರೂ ಮಸುಕು.
— ಓದುಗರು, ಯಲ್ಲಾಪುರ

ತೆಂಗಿನೆಣ್ಣೆ, ಅಡುಗೆ ಸೋಡಾ ಸಮ ಸಮ ಕಲಸಿ ಬಳಿದು ಅರ್ಧ ಗಂಟೆ ಬಿಟ್ಟು ನಾರಿನಿಂದ ಉಜ್ಜಿ. ಬಣ್ಣ ಹಚ್ಚುವುದಿದ್ದರೆ ಆಮೇಲೆ ಸೋಪಿನಿಂದ ಎಣ್ಣೆಯಂಶ ಪೂರ್ತಿ ತೆಗೆಯಿರಿ, ಇಲ್ಲವಾದರೆ ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ. ಮಸುಕಿಗೆ ವಿನಿಗರ್ ಅಥವಾ ಮುರುಗಲು ಸಿಪ್ಪೆ ಕುದಿಸಿದ ಹುಳಿನೀರು ಒಂದು ರಾತ್ರಿ ಇಟ್ಟು ನೋಡಿ. ಬೋರ್ ನೀರಿನ ಸುಣ್ಣವಾದರೆ ಕರಗುತ್ತದೆ. ಕರಗದಿದ್ದರೆ ವರ್ಷಗಟ್ಟಲೆ ತೇವದಲ್ಲಿ ಕೂತು ಗಾಜಿನ ಮೈಯೇ ಸವೆದಿದೆ. ಅಂಥದ್ದನ್ನು ಹಗ್ಗ ಸುತ್ತಲು ಇಟ್ಟುಕೊಳ್ಳಿ.

ತೋಟಕ್ಕೆ ಹೊಡೆದ ಕೀಟನಾಶಕದ ಗಾಜಿನ ಬಾಟಲಿಗಳು ಚೆಂದ ಇವೆ. ತೊಳೆದು ಬಳಸಬಹುದೇ?
— ಕೃಷಿಕರು, ಸಿದ್ದಾಪುರ

ಬೇಡ. ಎಷ್ಟು ತೊಳೆದರೂ ಬೇಡ. ಒಡೆದು ಮನೆಯಿಂದ, ಬಾವಿಯಿಂದ ದೂರ ಹೂಳಿ. ಹೂವಿನ ಪಾತಿಯ ಅಂಚಿಗೆ ಬಾಟಲಿ ಬೇಕಿದ್ದರೆ ಬಿಯರ್ ಬಾಟಲಿಗಳನ್ನೇ ತಲೆಕೆಳಗಾಗಿ, ಮೂರನೇ ಎರಡು ಭಾಗ ಮಣ್ಣಿಗೆ ಇಳಿಸಿ ನೆಡಿ. ಮೀಟರಿಗೆ 13 ಬೇಕಾಗುತ್ತವೆ.