ಬೈಕಿಗೆ ಚಲನಾ ಸೆನ್ಸರ್ ಬೇರೆಯಾಗಿ ಜೋಡಿಸಬಹುದೇ?

ಪ್ರಶ್ನೆ: ನನ್ನ ಬೈಕಿನಲ್ಲಿ ಸಾಮಾನ್ಯ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಆರು ಅಕ್ಷಗಳ ಚಲನಾ ಸೆನ್ಸರ್ (ಮೂರು ದಿಕ್ಕುಗಳ ಚಲನೆಯನ್ನೂ ಮೂರು ಬಗೆಯ ತಿರುಗುವಿಕೆಯನ್ನೂ ಅಳೆಯುವ ಸಾಧನ) ಕೊಂಡು ಜೋಡಿಸಿದರೆ ತಿರುವಿನಲ್ಲಿ ಬ್ರೇಕ್ ಹಿಡಿಯುವುದು ಹೆಚ್ಚು ಸುರಕ್ಷಿತವಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಸೆನ್ಸರ್ ಅಳೆಯುತ್ತದೆಯಷ್ಟೇ, ಬ್ರೇಕನ್ನು ನಿಯಂತ್ರಿಸುವುದಿಲ್ಲ. ಈ ಸೆನ್ಸರಿನೊಳಗೆ ಸದಾ ಕಂಪಿಸುತ್ತಿರುವ ಸಿಲಿಕಾನ್ ತುಣುಕೊಂದು, ಬೈಕ್ ವಾಲತೊಡಗಿದೊಡನೆ ಕೊರಿಯೊಲಿಸ್ ಬಲದಿಂದಾಗಿ (ತಿರುಗುತ್ತಿರುವ ವಸ್ತುವಿನೊಳಗೆ ಚಲಿಸುವುದನ್ನು ಪಕ್ಕಕ್ಕೆ ತಳ್ಳುವ ಬಲ) ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ದೂರ ಪಕ್ಕಕ್ಕೆ ಸರಿಯುತ್ತದೆ. ಆಗ ಬದಲಾಗುವ ವಿದ್ಯುತ್ ಧಾರಕತೆಯನ್ನು (ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯ) ಅಳೆದು ವಾಲುವ ವೇಗವನ್ನು ತಿಳಿಯಲಾಗುತ್ತದೆ. ಗೈರೋಸ್ಕೋಪ್ ಎನ್ನುವ ಈ ಭಾಗದ ಲೆಕ್ಕ ಕ್ರಮೇಣ ತಪ್ಪುತ್ತಾ ಹೋಗುವುದರಿಂದ (ಅದು ಅದರ ಹುಟ್ಟುಗುಣ), ವೇಗದ ಬದಲಾವಣೆಯನ್ನು ಅಳೆಯುವ ಅಕ್ಸೆಲೆರೊಮೀಟರ್ ಮತ್ತು ಚಕ್ರದ ವೇಗದೊಂದಿಗೆ ತಾಳೆ ನೋಡಿಯೇ ವಾಲಿದ ಕೋನವನ್ನು ನಿರ್ಧರಿಸಬೇಕಾಗುತ್ತದೆ. ಆ ಕೋನವನ್ನು ಬಳಸಿಕೊಳ್ಳಬಲ್ಲ ಎಬಿಎಸ್ ಘಟಕವೂ ನಿಮ್ಮ ಬೈಕಿನ ತೂಕ, ಎರಡು ಚಕ್ರಗಳ ನಡುವಿನ ಅಂತರಗಳಿಗೆ ಹೊಂದಿಸಿದ ತಂತ್ರಾಂಶವೂ ಇಲ್ಲದಿದ್ದರೆ ಸೆನ್ಸರ್ ಅಳೆದದ್ದನ್ನು ಕೇಳುವವರೇ ಇರುವುದಿಲ್ಲ. ಆ ಹಣದಲ್ಲಿ ಒಳ್ಳೆಯ ಟೈರುಗಳನ್ನು ಹಾಕಿಸಿಕೊಳ್ಳಿ.