ಓದುಗರ ಪ್ರಶ್ನೆ: ಮಡುವಿನ ಮೀನು, ಹೊಸ ನೀರು

ಪ್ರಶ್ನೆ: ಮೇ ತಿಂಗಳಲ್ಲಿ ಹೊಳೆಯ ಮಡುಗಳಲ್ಲಿ ಸಿಗುವ ರೋಹು, ಕಟ್ಲಾಗಳ ಹೊಟ್ಟೆ ತುಂಬ ತತ್ತಿ ಇರುತ್ತದೆ. ಬಿಸಿಲು ಜೋರಾದರೆ ತತ್ತಿ ಇಡುತ್ತವೆ ಎನ್ನುತ್ತಾರೆ. ಆದರೆ ಮಡುವಿನಲ್ಲಿ ಮರಿ ಕಾಣುವುದೇ ಇಲ್ಲ. ಯಾಕೆ? (ಕಂಪ್ಲಿ)

ಉತ್ತರ: ಬಿಸಿಲಿನ ಕೆಲಸ ತತ್ತಿ ಬಲಿಸುವವರೆಗೆ ಮಾತ್ರ. ಫೆಬ್ರವರಿಯಿಂದ ನೀರು ಬೆಚ್ಚಗಾಗುತ್ತ ಹೋದಂತೆ ತತ್ತಿಚೀಲ ಬೆಳೆಯುತ್ತದೆ. ಮೇ ಕೊನೆಗೆ ಹೆಣ್ಣಿನ ಹೊಟ್ಟೆ ಉಬ್ಬಿ ಮೆತ್ತಗಾಗುತ್ತದೆ, ಗಂಡಿನ ಕಿವಿರಿನ ಹಿಂದಿನ ಈಜುರೆಕ್ಕೆ ಕೈಗೆ ಒರಟಾಗಿ ತಾಗುತ್ತದೆ. ಅಲ್ಲಿಂದ ಮುಂದಕ್ಕೆ ಹೊಸ ನೀರೇ ಬೇಕು. ಹೊಳೆ ಏರಬೇಕು, ಕೆಂಪಾಗಿ ಹರಿಯಬೇಕು, ದಂಡೆಯ ಹುಲ್ಲು ಮುಳುಗಬೇಕು, ನೀರಿನ ಬಿಸಿ 24ರಿಂದ 31 ಡಿಗ್ರಿಯೊಳಗೆ ಇರಬೇಕು. ನಿಂತ ನೀರಲ್ಲಿ ಇವು ತಾವಾಗಿ ತತ್ತಿ ಇಡುವುದಿಲ್ಲ. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಮೀನಿನ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ತತ್ತಿ ಇಡಿಸುವವರೆಗೂ ರೋಹು, ಕಟ್ಲಾದಂಥ ಗೆಂಡೆ ಮೀನುಗಳ ಮರಿಯನ್ನು ಬಹುತೇಕ ಹೊಳೆಯಿಂದಲೇ ಹಿಡಿದು ತರಬೇಕಿತ್ತು.

ನಿಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಮಲೆನಾಡಿನ ಮೊದಲ ನೆರೆಯನ್ನು ತುಂಗಭದ್ರಾ ಜಲಾಶಯ ಹಿಡಿದಿಟ್ಟುಕೊಳ್ಳುತ್ತದೆ. ಅದು ತುಂಬಿ, ಹೆಚ್ಚಿನ ನೀರು ಹೊರಬಿಡುವ ಕ್ರಸ್ಟ್ ಗೇಟ್ ತೆರೆಯುವವರೆಗೆ ಕೆಳಗಿನ ಹೊಳೆಗೆ ದೊಡ್ಡ ನೀರು ಬರುವುದಿಲ್ಲ. ಮೃಗಶಿರಾ, ಆರಿದ್ರಾ ಮಳೆಗೆ ಊರ ಹಳ್ಳ ತುಂಬಿ ಬಂದರೆ ಮೀನು ಹಳ್ಳದ ಬಾಯಿಗೆ ನುಗ್ಗುವುದು ಇದಕ್ಕೇ. ಹೊಸ ನೀರು ಬಾರದೇ ಹೋದರೆ ತತ್ತಿ ಹೊಟ್ಟೆಯಲ್ಲೇ ಕರಗಿ ಮೈಗೆ ಸೇರುತ್ತದೆ, ಆ ವರ್ಷದ ಸಂತಾನ ಹೋದಂತೆಯೇ.

ನಷ್ಟವಾಗುವ ಜಾಗ ಮೂರು. ಮೊದಲನೆಯದು ಬೇಸಿಗೆಯ ಮಡು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆ ಮಾತ್ರ. ಗದ್ದೆಯ ಗೊಬ್ಬರ ಇಳಿದು ಪಾಚಿ ಹಸಿರುಗಟ್ಟಿದ್ದರೆ ಆ ಪಾಚಿಯೂ ರಾತ್ರಿಯಿಡೀ ಉಸಿರಾಡಿ ಬೆಳಗಿನ ಜಾವಕ್ಕೆ ನೀರಿನ ಆಮ್ಲಜನಕವನ್ನು ಬರಿದು ಮಾಡುತ್ತದೆ. ಸೂರ್ಯ ಹುಟ್ಟುವ ಮುಂಚೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕಾರಣ ಇದು. ಅಂಥ ಮಡುವಿಗೆ ಆಗ ಬಲೆ ಬೀಸುವುದೆಂದರೆ ತತ್ತಿ ಹೊತ್ತ ತಾಯಿಮೀನನ್ನು ಪೂರ್ತಿ ಬಳಿದಂತೆ. ರೋಹು ಒಂದು ಕಿಲೊ ಮೈತೂಕಕ್ಕೆ 2 ಲಕ್ಷಕ್ಕೂ ಹೆಚ್ಚು ತತ್ತಿ ಇಡುತ್ತದೆ. ಲೆಕ್ಕ ನೀವೇ ಹಾಕಿ.

ಎರಡನೆಯದು ಹಳ್ಳದ ಬಾಯಿ. ಮೊಣಕಾಲುದ್ದ ನೀರಲ್ಲಿ ಜೋಡಿಗಳು ಸದ್ದು ಮಾಡುತ್ತ ಹೊರಳುವಾಗ ಅವಕ್ಕೆ ಮೈಮೇಲೆ ಎಚ್ಚರವಿರುವುದಿಲ್ಲ. ಬಕ ಬರುತ್ತದೆ, ಬಾಳೆ ಮೀನು ಬರುತ್ತದೆ, ಬಡಿಗೆ ಹಿಡಿದ ಮನುಷ್ಯನೂ ಬರುತ್ತಾನೆ. ಹಳ್ಳಕ್ಕೆ ಅಡ್ಡಬಲೆ ಕಟ್ಟುವುದು ಇವೆಲ್ಲಕ್ಕಿಂತ ಕೆಟ್ಟದ್ದು, ಒಂದು ಜೋಡಿಯೂ ದಾಟುವುದಿಲ್ಲ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ತತ್ತಿ 14ರಿಂದ 18 ಗಂಟೆಯಲ್ಲಿ ಒಡೆಯುತ್ತದೆ, ಆದರೆ ಮರಿ ಹೊಟ್ಟೆಯ ಹಳದಿ ಚೀಲ ಕರಗಿಸಿಕೊಂಡು ನೆಟ್ಟಗೆ ಈಜಲು ಮೂರು ದಿನ ಬೇಕು. ಅಷ್ಟರಲ್ಲಿ ಗೇಟ್ ಇಳಿಸಿ ನೀರು ಸರಿದರೆ ಮರಿ ಹುಲ್ಲಿನ ಗುಂಡಿಗಳಲ್ಲಿ ಉಳಿದು ಕೊಕ್ಕರೆಗೆ ಊಟವಾಗುತ್ತದೆ. ಇಲ್ಲಿ ನೀವು ಕೈಹಾಕಬಹುದು. ಗುಂಡಿಯಿಂದ ಹೊಳೆಗೆ ಗುದ್ದಲಿಯಿಂದ ಗೇಣಗಲದ ಕಾಲುವೆ ಎಳೆಯಿರಿ. ಆಗದಿದ್ದರೆ ಬೆಳಿಗ್ಗೆ ಎಂಟರೊಳಗೆ ತೆಳು ಬಟ್ಟೆಯಲ್ಲಿ ನೀರಿನ ಸಮೇತ ಮರಿ ಎತ್ತಿ ಬಕೆಟ್ಟಿಗೆ ಹಾಕಿ, ಅದಕ್ಕೆ 15–20 ನಿಮಿಷ ಹೊಳೆನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಆಮೇಲೆ ಸೆಳವಿಲ್ಲದ ಅಂಚಿಗೆ ಬಿಡಿ. ಬಿಸಿಯಾದ ಗುಂಡಿಯಿಂದ ತೆಗೆದು ನೇರ ಹೊಳೆಗೆ ಸುರಿದರೆ ಮರಿ ತಾಳುವುದಿಲ್ಲ.

ಪ್ರಶ್ನೆ: ನೀರುನಾಯಿ ಬಲೆ ಹರಿಯುತ್ತವೆ, ನೀರುಕಾಗೆ ಹಿಂಡು ಮಡು ಖಾಲಿ ಮಾಡುತ್ತವೆ. ಓಡಿಸುವುದು ಹೇಗೆ? (ಆನೆಗೊಂದಿ)

ಉತ್ತರ: ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿ ಓಡಿಸುವ ಮಾತೇ ಬೇಡ. ವಿಷ, ಸಿಡಿಮದ್ದು ಹೊಳೆಯಲ್ಲಿ ಎಲ್ಲಿಯೂ ಅಪರಾಧ, ಅದು ತತ್ತಿ, ಮರಿ, ಮರಿಯ ಆಹಾರ ಮೂರನ್ನೂ ಒಟ್ಟಿಗೆ ಕೊಲ್ಲುತ್ತದೆ. ನೀರುನಾಯಿ ಬೇಟೆಯಾಡುವುದು ಹೆಚ್ಚಾಗಿ ಮುಂಜಾನೆ, ಮುಸ್ಸಂಜೆ. ಸಂಜೆ ಬಿಟ್ಟ ಬಲೆಯನ್ನು ಬೆಳಗಿನವರೆಗೆ ಬಿಡುವುದರಿಂದಲೇ ಬಲೆ ಹರಿಯುವುದು ಜಾಸ್ತಿ, ಸಿಕ್ಕಿಬಿದ್ದ ಮೀನು ಅದಕ್ಕೆ ಕರೆದು ಬಡಿಸಿದ ಊಟ. ಬಂಡೆಯ ಮೇಲೆ ಮೀನಿನ ಹುರುಪೆ, ಮುಳ್ಳು ಬೆರೆತ ನಾರುವ ಹಿಕ್ಕೆ ಕಂಡ ಕಡೆ ಬಲೆ ಹಾಕಬೇಡಿ, ಬಿಲ ಹತ್ತಿರದಲ್ಲೇ ಇರುತ್ತದೆ.

ಹಕ್ಕಿಗಳಿಗೆ, ಮೀಸಲಿನ ಹೊರಗಿನ ಮಡುಗಳಲ್ಲಿ, ಬಳ್ಳಾರಿ ಜಾಲಿಯ ಮುಳ್ಳುಕೊಂಬೆ ಒಳ್ಳೆಯ ಉಪಾಯ. ಕಡಿದು ಎರಡು ವಾರ ಒಣಗಿಸಿ, ಎಲೆ ಪೂರ್ತಿ ಉದುರಿಸಿ, ಆಮೇಲೆ ಕಲ್ಲು ಕಟ್ಟಿ ಮಡುವಿನ ಆಳದ ಭಾಗದಲ್ಲಿ ಮುಳುಗಿಸಿ. ಹಸಿ ಎಲೆ ಕೊಳೆತರೆ ಮೊದಲೇ ಕಡಿಮೆ ಇರುವ ಆಮ್ಲಜನಕವೂ ಹೋಗುತ್ತದೆ. ಮಡುವಿನ ಮೂರನೆಯ ಒಂದು ಭಾಗ ತುಂಬಿದರೆ ಸಾಕು. ನೀರುಕಾಗೆ ಅದರೊಳಗೆ ಮುಳುಗಿ ಬೆನ್ನಟ್ಟಲಾರದು, ಎಳೆಬಲೆಯೂ ನಡೆಯುವುದಿಲ್ಲ.

ಪ್ರಶ್ನೆ: ಕೆರೆಯ ಜೊಂಡಿನ ಬಳಿ ಕೆಂಪು ಕಿತ್ತಳೆ ಬಣ್ಣದ ಸಣ್ಣ ಮೀನುಗಳ ಗುಂಪು ಒಟ್ಟಿಗೆ ಮೇಲೆದ್ದು ಮುಳುಗುತ್ತದೆ. ಕೆಳಗೊಂದು ದೊಡ್ಡ ಮೀನು ಇರುತ್ತದೆ. ಏನದು? (ಗಂಗಾವತಿ)

ಉತ್ತರ: ಕೊರವ, ಕೆಲವರು ಮರಲು ಅನ್ನುವ ಮೀನು. ಜೊಂಡು ಸರಿಸಿ ಗೂಡು ಮಾಡಿಕೊಂಡು ತೇಲುವ ಹಳದಿ ತತ್ತಿ ಇಡುತ್ತದೆ, ಒಂದೂವರೆ ದಿನದೊಳಗೆ ಒಡೆಯುತ್ತದೆ. ಕೆಳಗಿನದು ಕಾವಲಿನ ತಂದೆ ಅಥವಾ ತಾಯಿ, ಸುಮಾರು ಒಂದು ತಿಂಗಳು ಕಾಯುತ್ತದೆ. ಗುಂಪಿನ ಮೇಲೆ ಕಪ್ಪೆ ಕಟ್ಟಿದ ಗಾಳ ಇಳಿಸಿದರೆ ಅದು ಹಸಿವಿಗಲ್ಲ, ಮರಿ ಉಳಿಸಲು ಕಚ್ಚುತ್ತದೆ. ಅದನ್ನು ಎತ್ತಿದರೆ ಮರಿಗಳು ಸುತ್ತಲಿನ ಮೀನುಗಳ ಪಾಲು. ದಯವಿಟ್ಟು ಆ ಒಂದು ತಿಂಗಳು ಬಿಡಿ.

ಪ್ರಶ್ನೆ: 10 ಗುಂಟೆ ಹೊಂಡಕ್ಕೆ ರೋಹು ಮರಿ ಬಿಟ್ಟು ನಾಲ್ಕೇ ದಿನಕ್ಕೆ ಒಂದೂ ಇಲ್ಲ. ಹಕ್ಕಿ ಬಂದಿರಲಿಲ್ಲ. (ಮಾನ್ವಿ)

ಉತ್ತರ: ತಿಂದದ್ದು ಬೆನ್ನ ಮೇಲೆ ಈಜುವ ನೀರುಹುಳು, ಏರೋಪ್ಲೇನ್ ಚಿಟ್ಟೆಯ ಮರಿಹುಳು, ಇಲ್ಲವೇ ಮೊದಲೇ ಇದ್ದ ಬೇಟೆಮೀನು. ಹೊಂಡ ಒಣಗಿಸಲು ಆಗದಿದ್ದರೆ, ಬೇಟೆಮೀನು ಸಾಯಲು, ಮರಿ ಬಿಡುವ ಮೂರು ವಾರ ಮುಂಚೆ, ಒಂದು ಮೀಟರ್ ಆಳದ ನೀರಿಗೆ, 250 ಕಿಲೊ ಇಪ್ಪೆ ಹಿಂಡಿ ನೆನೆಸಿ ಹರಡಿ. ಮರಿ ಬಿಡುವ ಹಿಂದಿನ ದಿನ, ಗಾಳಿ ಇಲ್ಲದ ಹೊತ್ತಿಗೆ, 1.8 ಕಿಲೊ ಅಗ್ಗದ ಬಟ್ಟೆಸೋಪನ್ನು ಬಿಸಿನೀರಲ್ಲಿ ಕರಗಿಸಿ 5.6 ಕಿಲೊ ಅಡುಗೆ ಎಣ್ಣೆ ಸೇರಿಸಿ ಬೆಳ್ಳಗಾಗುವವರೆಗೆ ಕಲಕಿ ನೀರ ಮೇಲೆ ಚೆಲ್ಲಿ. ಆ ಪೊರೆಯಿಂದ ಮೇಲೆ ಬಂದು ಉಸಿರೆಳೆಯುವ ಹುಳುಗಳು ಸಾಯುತ್ತವೆ. ಗಾಳಿ ಬೀಸಿದರೆ ಪೊರೆ ಒಂದು ಮೂಲೆಗೆ ಸೇರಿ ಕೆಲಸ ಕೆಡುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿಹುಳು ನೀರೊಳಗೇ ಉಸಿರಾಡುವುದರಿಂದ ಇದಕ್ಕೆ ಬಗ್ಗದು, ಅದನ್ನು ಸಣ್ಣಕಣ್ಣಿನ ಬಲೆ ಎಳೆದೇ ತೆಗೆಯಬೇಕು.

ಪ್ರಶ್ನೆ: ದಂಡೆಯ ಮರಳಿನಲ್ಲಿ ತಟ್ಟೆಯಂಥ ಗುಂಡಿಗಳಿವೆ. ಮೀನಿನವೇ? (ಸಿರುಗುಪ್ಪ)

ಉತ್ತರ: ಹೌದು, ಜಿಲೇಬಿ ಮೀನಿನ (ತಿಲಾಪಿಯಾ) ಗಂಡು ತೋಡಿದ್ದು. ಹೆಣ್ಣು ಅಲ್ಲಿ ತತ್ತಿ ಇಟ್ಟು ಬಾಯೊಳಗೆ ತುಂಬಿಕೊಂಡು ಮರಿ ಮಾಡುತ್ತದೆ. ಇದಕ್ಕೆ ನೆರೆ ಬೇಕಿಲ್ಲ, ಬೆಚ್ಚಗಿನ ನಿಂತ ನೀರೇ ಸಾಕು. ಹೊರಗಿನಿಂದ ಬಂದ ಈ ಮೀನನ್ನು ಬೇಸಿಗೆಯಲ್ಲಿ ಹಿಡಿಯುವುದಕ್ಕೆ ನಮ್ಮ ಅಡ್ಡಿಯಿಲ್ಲ.