‘ನನ್ನ ಮಗಳು ಯಾರದೋ ಮನ್ಯಾಗ ಭಾಂಡೆ ತಿಕ್ಕಬೇಕೇನ್ರಿ?’

ಕಲಬುರಗಿ ಬ್ರಹ್ಮಪುರದ ತಾಯಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ನಾಲ್ಕು ಪುಟದ ಪತ್ರ, ಮುಖ್ಯವಾದದ್ದು ಇಷ್ಟು:

“ಮಗಳಿಗೆ ಹದಿನಾರು ವರ್ಷ. ಹತ್ತನೇದು ಮುಗಿಸ್ಯಾಳ. ಅಮೆರಿಕದಾಗ ಒಂದು ವರ್ಷ ಹೈಸ್ಕೂಲ್ ಓದಲಿಕ್ಕೆ ಸ್ಕಾಲರ್‌ಶಿಪ್ ಸಿಕ್ಕದ. ಅಲ್ಲಿ ಗುರುತು ಪರಿಚಯ ಇಲ್ಲದವರ ಮನ್ಯಾಗ ಇರಬೇಕಂತ. ನಿಯಮದ ಕಾಗದ ಬಂದದ, ನಾವು ಸಹಿ ಮಾಡಬೇಕು. ಮನಿ ಕೆಲಸ ಮಾಡಬೇಕು, ಹೇಳದೆ ಹೊರಗ ಹೋಗಬಾರದು, ಗಾಡಿ ಓಡಿಸಬಾರದು, ತವರಿಗೆ ಭಾಳ ಫೋನ್ ಮಾಡಬಾರದು ಅಂತ ಬರದಾರ. ಆ ಮನಿಯವರಿಗೆ ರೊಕ್ಕ ಕೊಡೂದಿಲ್ಲಂತ. ಪುಕ್ಕಟೆ ಯಾಕ ಸಾಕ್ತಾರ್ರಿ? ಕೆಲಸಕ್ಕ ಇಟ್ಕೊಳ್ಳಲಿಕ್ಕೇನು? ನನ್ನ ತಮ್ಮ ಡಲ್ಲಾಸ್‌ನಾಗ ಇದ್ದಾನ, ಅವನ ಮನ್ಯಾಗೇ ಬಿಟ್ರ ಆಗ್ತದೇನು? ನಾವು ಲಿಂಗವಂತರು, ತತ್ತಿ ಸೈತ ತಿನ್ನೂದಿಲ್ಲ. ಆ ಮನಿಯವರಿಗೆ ಮಗಳು ಒಂದು ಪತ್ರ ಬರೀಬೇಕಂತ, ಅದನ್ನ ಟ್ಯೂಶನ್ ಸರ್ ಕಡಿಂದ ಬರಸ್ತೀವಿ. ಒಂದು ಸಮಾಧಾನ ಅಂದ್ರ, ನನ್ನ ಮಗಳು ಎದುರು ಮಾತಾಡೂ ಹುಡುಗಿ ಅಲ್ಲ. ಏನು ಹೇಳಿದ್ರೂ ಹೂಂ ಅಂತಾಳ.”

ಅಕ್ಕಾರೆ, ಶರಣು. ಮೊದಲು ಮಗಳಿಗೆ ನಮ್ಮೆಲ್ಲರ ಪರವಾಗಿ ಶಾಬಾಸ್ ಹೇಳಿ. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಇದೆ, ಹೇಳುತ್ತೇನೆ. ಆದರೆ ನೀವು ಸಮಾಧಾನ ಅಂತ ಬರೆದಿದ್ದೀರಲ್ಲ, ಆ ಕೊನೆಯ ಸಾಲು, ನನಗೆ ಚಿಂತೆ ಹಚ್ಚಿದ್ದು ಅದೇ. ಎಲ್ಲದಕ್ಕೂ ಹೂಂ ಅನ್ನುವ ಮಕ್ಕಳಿಗೇ ಪರರ ಮನೆಯಲ್ಲಿ ತೊಂದರೆ ಜಾಸ್ತಿ.

ಪುಕ್ಕಟೆ ಯಾಕೆ ಸಾಕುತ್ತಾರೆ ಅನ್ನುವುದನ್ನು ಮೊದಲು ನೋಡೋಣ. ಇಂಥ ಮಕ್ಕಳು ಹೋಗುವುದು ಜೆ-1 ಎಂಬ ವೀಸಾದ ಮೇಲೆ. ಅದರಲ್ಲಿ ಹೋಸ್ಟ್ ಫ್ಯಾಮಿಲಿಗೆ, ಅಂದರೆ ಮಗುವನ್ನು ಇಟ್ಟುಕೊಳ್ಳುವ ಮನೆಯವರಿಗೆ, ದುಡ್ಡು ಕೊಡುವ ಹಾಗೇ ಇಲ್ಲ, ಅಲ್ಲಿನ ಸರ್ಕಾರದ ನಿಯಮವೇ ಹಾಗಿದೆ. ದುಡ್ಡಿನ ಆಸೆಗೆ ಯಾರೂ ಮಕ್ಕಳನ್ನು ಇಟ್ಟುಕೊಳ್ಳಬಾರದು ಅಂತ. ಈ ಪದ್ಧತಿಯ ಬೇರು ಹಳೆಯದು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ಆಂಬ್ಯುಲೆನ್ಸ್ ಓಡಿಸಲು ಅಮೆರಿಕದ ಯುವಕರು ಸ್ವಯಂಸೇವಕರಾಗಿ ಹೋಗಿದ್ದರು. ಆ ಗುಂಪೇ ಮುಂದೆ ಎಎಫ್‌ಎಸ್ ಎಂಬ ಸಂಸ್ಥೆಯಾಯಿತು. ಎರಡು ಯುದ್ಧ ಕಂಡವರು ಅವರು. ಬೇರೆ ದೇಶದ ಮಕ್ಕಳು ನಮ್ಮ ಮನೆಯಲ್ಲಿ ಉಂಡು ಬೆಳೆದರೆ ನಾಳೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸುವುದು ಕಷ್ಟವಾದೀತು ಎಂಬ ನಂಬಿಕೆಯಿಂದ 1947ರಲ್ಲಿ ವಿದ್ಯಾರ್ಥಿಗಳನ್ನು ಕರೆಸತೊಡಗಿದರು. ಶರಣಬಸವೇಶ್ವರರ ದಾಸೋಹದ ಊರಿನವರು ನಾವು. ಯಾರೋ ಪುಕ್ಕಟೆ ಉಣ್ಣಲು ಕೊಟ್ಟರೆ ನಮಗೆ ಅಷ್ಟು ಅನುಮಾನ ಬರಬಾರದು, ಅಲ್ವಾ?

ಹಾಗಂತ ಕಣ್ಣು ಮುಚ್ಚಿ ನಂಬಿ ಅಂತಲೂ ಹೇಳುವುದಿಲ್ಲ. ನಂಬಿಕೆಯನ್ನು ಪರೀಕ್ಷೆ ಮಾಡಲು ಅಲ್ಲಿ ಏರ್ಪಾಡಿದೆ. ಮನೆಯಲ್ಲಿ 18 ದಾಟಿದ ಪ್ರತಿಯೊಬ್ಬರ ಮೇಲೆ ಯಾವುದಾದರೂ ಪೊಲೀಸ್ ಕೇಸು ಇದೆಯೇ ಅಂತ ತಪಾಸಣೆ ಆಗಬೇಕು. ಮಗಳ ಕಾರ್ಯಕ್ರಮ ನಡೆಸುವ ಸಂಸ್ಥೆಯವರು ಮನೆಗೆ ಹೋಗಿ ನೋಡಬೇಕು. ಮಗುವಿಗೆ ತನ್ನದೇ ಮಂಚ ಇರಬೇಕು. ಗಾಳಿ ತುಂಬಿಸುವ ಹಾಸಿಗೆ, ಮಡಚುವ ಸೋಫಾ ನಡೆಯುವುದಿಲ್ಲ. ಕೋಣೆ ಹಂಚಿಕೊಂಡರೆ ಇನ್ನೊಂದು ಹುಡುಗಿಯ ಜೊತೆ ಮಾತ್ರ. ಸಂಸ್ಥೆಯ ಸ್ಥಳೀಯ ಪ್ರತಿನಿಧಿಯೊಬ್ಬರು 120 ಮೈಲಿಯೊಳಗೆ ಇರಬೇಕು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 190 ಕಿ.ಮೀ. ಕಲಬುರಗಿಯಿಂದ ಹೈದರಾಬಾದ್ ಇರುವುದಕ್ಕಿಂತ ಹತ್ತಿರ. ಅವರು ತಿಂಗಳಿಗೊಮ್ಮೆ ಮಗಳನ್ನು ಮಾತಾಡಿಸಲೇಬೇಕು. ನೀವು ಸಹಿ ಮಾಡುವ ಕಾಗದದಲ್ಲಿ ಮಗಳು ಏನು ಮಾಡಬೇಕು ಅನ್ನುವುದಷ್ಟೇ ನಿಮ್ಮ ಕಣ್ಣಿಗೆ ಬಿದ್ದಿದೆ. ಅವರು ಏನೇನು ಮಾಡಬೇಕು ಅನ್ನುವುದನ್ನೂ ಮಗಳ ಜೊತೆ ಕೂತು ಓದಿ.

ಡಲ್ಲಾಸ್‌ನ ತಮ್ಮನ ಮನೆ ಆಗುವುದಿಲ್ಲ. ಸಂಬಂಧಿಕರ ಮನೆಯಲ್ಲಿ ಇಡಬಾರದು ಅಂತ ಸ್ಪಷ್ಟ ನಿಯಮವಿದೆ.

ಈಗ ಭಾಂಡೆ. ಹೌದು, ತೊಳೆಯಬೇಕಾಗುತ್ತದೆ. ಆ ಮನೆಯ ಮಕ್ಕಳೂ ತೊಳೆಯುತ್ತಾರೆ. ಊಟವಾದ ಮೇಲೆ ತನ್ನ ತಾಟು ತಾನೇ ಎತ್ತಿ, ಎಂಜಲು ಕೆಡವಿ, ಡಿಶ್‌ವಾಶರ್‌ನಲ್ಲಿಡುವುದು. ತನ್ನ ಬಟ್ಟೆ ಮಷಿನ್‌ಗೆ ಹಾಕುವುದು, ಹಾಸಿಗೆ ಸರಿಮಾಡುವುದು, ವಾರಕ್ಕೊಮ್ಮೆ ಕಸದ ಡಬ್ಬಿಯನ್ನು ರಸ್ತೆ ಬದಿಗೆ ಎಳೆದಿಡುವುದು. ಅವಳನ್ನು ಮನೆಯವಳು ಅಂತ ಎಣಿಸಿದ್ದಕ್ಕೇ ಈ ಕೆಲಸ. ನಮ್ಮಲ್ಲಿ ಓದುವ ಹುಡುಗಿ ಅಂತ ಒಂದು ಲೋಟ ಎತ್ತಲೂ ಬಿಡುವುದಿಲ್ಲ. ಇಲ್ಲವೇ ಹುಡುಗಿ ಅಂತ ಎಲ್ಲವನ್ನೂ ಅವಳ ಕೈಲೇ ಮಾಡಿಸಿ ತಮ್ಮನನ್ನು ಟಿವಿ ಮುಂದೆ ಕೂರಿಸುತ್ತೇವೆ. ಎರಡೂ ಅಲ್ಲಿ ಇಲ್ಲ. ಆದರೆ ಗೆರೆ ಎಲ್ಲಿದೆ ಅಂತ ಅವಳಿಗೆ ಗೊತ್ತಿರಬೇಕು. ಎಲ್ಲರಂತೆ ಕೈ ಹಚ್ಚುವುದು ಸರಿ. ದಿನಾ ಶಾಲೆ ಬಿಟ್ಟ ಮೇಲೆ ಮನೆಯ ಸಣ್ಣ ಮಕ್ಕಳನ್ನು ಅವಳೇ ನೋಡಿಕೊಳ್ಳಬೇಕು, ಇಡೀ ಮನೆ ಅವಳೇ ಒರೆಸಬೇಕು ಅಂತಾದರೆ ಸರಿಯಲ್ಲ. ಈ ವೀಸಾದಲ್ಲಿ ಪಾರ್ಟ್‌ಟೈಮ್ ನೌಕರಿ ಮಾಡುವ ಹಾಗೂ ಇಲ್ಲ. ಅಪರೂಪಕ್ಕೆ ನೆರೆಮನೆಯ ಹುಲ್ಲು ಕತ್ತರಿಸುವುದು, ಒಂದು ಸಂಜೆ ಮಗು ನೋಡಿಕೊಳ್ಳುವುದು, ಇಷ್ಟಕ್ಕೆ ಮಾತ್ರ ಅನುಮತಿ.

ಇಲ್ಲೇ ನಿಮ್ಮ ಮಗಳ ಹೂಂ ಅಡ್ಡ ಬರುವುದು. ಸರಿಯಲ್ಲ ಅನ್ನಿಸಿದಾಗ ಯಾರಿಗೆ, ಹೇಗೆ ಹೇಳಬೇಕು ಅಂತ ನಾವು ಮಕ್ಕಳಿಗೆ ಕಲಿಸಿಯೇ ಇಲ್ಲ. ಸುಮ್ಮನಿರುವವಳೇ ಶಾಣ್ಯಾ ಅಂತ ಬೆಳೆಸಿದ್ದೇವೆ.

ಊಟದ ಮಾತಿಗೆ ಬರುತ್ತೇನೆ. ನಮ್ಮ ಕಡೆ “ಬ್ಯಾಡ್ರಿ, ಬ್ಯಾಡ್ರಿ” ಅನ್ನುತ್ತಲೇ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತೇವೆ. ಬಡಿಸುವವರಿಗೂ ಅದು ಗೊತ್ತು. ಅಲ್ಲಿ ಬೇಡ ಅಂದರೆ ಬಟ್ಟಲು ಮುಂದಿನವರ ಕಡೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಹುಡುಗಿ ಸಂಕೋಚಕ್ಕೆ ಬೇಡ ಅಂದು ರಾತ್ರಿ ಹೊಟ್ಟೆ ಹಸಿದು ಮಲಗುತ್ತಾಳೆ. ಅವರಿಗೆ ಅದು ತಿಳಿಯುವುದೂ ಇಲ್ಲ. ಹಾಗೆಯೇ ‘ನಾನು ವೆಜಿಟೇರಿಯನ್’ ಅಂದರೆ ಸಾಲದು. ಅವರ ಲೆಕ್ಕದಲ್ಲಿ ಮೊಟ್ಟೆ ಶಾಕಾಹಾರವೇ. ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಮಾರ್ಷ್‌ಮ್ಯಾಲೊ ಎಂಬ ಮೆತ್ತನೆ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಕಾಳಿನ ಪಲ್ಯ ಅಂತ ಕಾಣುವುದರಲ್ಲಿ ಕೆಲವೊಮ್ಮೆ ಹಂದಿ ಕೊಬ್ಬು ಬಿದ್ದಿರುತ್ತದೆ. ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ, ಕೇಕಿನ ಮೊಟ್ಟೆ ನಡೆಯುತ್ತದೋ ಇಲ್ಲವೋ, ಎಲ್ಲ ಬಿಡಿಸಿ ಹೇಳಬೇಕು. ಅದನ್ನು ಈಗಲೇ, ನೀವು ಅವಳ ಜೊತೆ ಕೂತು ತೀರ್ಮಾನ ಮಾಡಿ. ‘ಅಲ್ಲಿ ಹೋದಮೇಲೆ ನೋಡೋಣ’ ಅಂದರೆ ಆ ಭಾರ ಒಂಟಿಯಾಗಿ ಅವಳ ತಲೆಯ ಮೇಲೆ ಬೀಳುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡಿ, ಕೆಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನು ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಹೇಳಬೇಕು, ಮುಚ್ಚಿಡಬಾರದು.

ಕೊರಳಲ್ಲಿ ಲಿಂಗ ಇದ್ದರೆ ಅದನ್ನೂ ಮೊದಲೇ ತಿಳಿಸಿ. ಶಾಲೆಯಲ್ಲಿ ಆಟದ ಪಿರಿಯಡ್‌ಗೆ ಕೊರಳಿನದನ್ನು ತೆಗೆಯಲು ಹೇಳುವುದುಂಟು. ಅವರಿಗೆ ಅದು ಬರೀ ಸರ. ಭಾನುವಾರ ಚರ್ಚಿಗೆ ಬಾ ಅಂತ ಕರೆಯಬಹುದು. ಕುತೂಹಲಕ್ಕೆ ಹೋಗಿ ಬಂದರೆ ಏನೂ ಆಗುವುದಿಲ್ಲ. ಬರುವುದಿಲ್ಲ ಅಂದರೂ ಒತ್ತಾಯ ಮಾಡುವ ಹಾಗಿಲ್ಲ.

ಬಚ್ಚಲಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಎಷ್ಟೋ ಜಗಳ ಅಲ್ಲೇ ಶುರುವಾಗುತ್ತವೆ. ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಬಚ್ಚಲ ನೆಲಕ್ಕೆ ನೀರು ಹೋಗುವ ಮೋರಿ ಇರುವುದಿಲ್ಲ. ಮನೆ ಕಟ್ಟಿಗೆಯದು. ಸ್ನಾನದ ತೊಟ್ಟಿಯ ಪರದೆಯ ಅಂಚನ್ನು ಒಳಗೆ ಬಿಡದೆ ಶವರ್ ಹಾಕಿದರೆ ನೀರು ನೆಲಕ್ಕೆ ಇಳಿದು ಕೆಳಗಿನ ಕೋಣೆಯ ಸೀಲಿಂಗ್ ಒದ್ದೆಯಾಗುತ್ತದೆ. ಬಿಸಿನೀರಿನ ಟ್ಯಾಂಕು ಇಡೀ ಮನೆಗೆ ಒಂದೇ. ಅರ್ಧ ತಾಸು ತಲೆಸ್ನಾನ ಮಾಡಿದರೆ ಉಳಿದವರಿಗೆ ತಣ್ಣೀರು. ರೋಟರಿ ಕ್ಲಬ್‌ನವರೂ ಮಕ್ಕಳನ್ನು ಹೀಗೆ ಬೇರೆ ದೇಶಕ್ಕೆ ಕಳಿಸುತ್ತಾರೆ. ಅವರಲ್ಲಿ ‘ಮೊದಲ ರಾತ್ರಿಯ ಪ್ರಶ್ನೆಗಳು’ ಅಂತ ಒಂದು ಪಟ್ಟಿ ಇದೆ. ನಿಮ್ಮನ್ನು ಏನಂತ ಕರೆಯಲಿ, ಬೆಳಿಗ್ಗೆ ಬಚ್ಚಲಿಗೆ ನನ್ನ ಪಾಳಿ ಯಾವಾಗ, ಮೈಲಿಗೆ ಬಟ್ಟೆ ಎಲ್ಲಿ ಹಾಕಲಿ, ಹಸಿವಾದರೆ ಕೇಳದೆ ಫ್ರಿಜ್ ತೆಗೆಯಬಹುದಾ, ಇಂಥವು. ಮಗಳು ತನ್ನದೇ ಒಂದು ಪಟ್ಟಿ ಬರೆದುಕೊಂಡು ಹೋಗಲಿ. ಕೇಳುವುದಕ್ಕೆ ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಕಟ್ಟುನಿಟ್ಟಿನ ನಿಯಮಗಳ ವಿಷಯ ಬೇಗ ಮುಗಿಯುತ್ತದೆ. ರೋಟರಿಯವರು ಅದನ್ನು ನಾಲ್ಕು ‘ಡಿ’ ಅಂತಾರೆ: ಡ್ರಿಂಕಿಂಗ್, ಡ್ರಗ್ಸ್, ಡ್ರೈವಿಂಗ್, ಡೇಟಿಂಗ್. ಬೇರೆ ಸಂಸ್ಥೆಗಳ ಮಾತೂ ಹೆಚ್ಚುಕಡಿಮೆ ಇದೇ. ಅಮೆರಿಕದಲ್ಲಿ 21 ವರ್ಷ ತುಂಬುವವರೆಗೆ ಮದ್ಯ ಕೊಳ್ಳುವ ಹಾಗಿಲ್ಲ. ತಪ್ಪಿದರೆ ಮುಂದಿನ ವಿಮಾನಕ್ಕೆ ಊರಿಗೆ ಕಳಿಸಬಹುದು. ನಮ್ಮ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಮೀಸೆ ಚಿಗುರದ ಹುಡುಗರು ಮೂವರು ಕೂತು ಸ್ಕೂಟಿ ಓಡಿಸುವುದನ್ನು ನೋಡಿ ಸುಮ್ನೆ ಇರುತ್ತೇವಲ್ಲ, ಅಲ್ಲಿ ಹಾಗೆ ನಡೆಯುವುದಿಲ್ಲ.

ಫೋನ್ ಬಗ್ಗೆ ನಿಮಗೆ ಬೇಜಾರಾಗಿದೆ, ಗೊತ್ತಾಯಿತು. ನೀವು ರಾತ್ರಿ 9ಕ್ಕೆ ಊಟ ಮುಗಿಸಿ ಫೋನ್ ಹಚ್ಚಿದರೆ ಚಿಕಾಗೊ ಕಡೆ ಬೇಸಿಗೆಯಲ್ಲಿ ಬೆಳಿಗ್ಗೆ 10.30, ಚಳಿಗಾಲದಲ್ಲಿ 9.30. ಅವಳು ಕ್ಲಾಸಿನಲ್ಲಿ ಇರುತ್ತಾಳೆ. ಅವಳು ಸಂಜೆ ಮಾಡಿದರೆ ನಿಮಗಿಲ್ಲಿ ನಸುಕು. ದಿನಾ ಎರಡು ತಾಸು ವಿಡಿಯೊದಲ್ಲಿ ನಿಮ್ಮ ಅಡಿಗೆಮನೆ ನೋಡುತ್ತಾ ಕೂತರೆ ಎದುರಿಗಿರುವವರ ಜೊತೆ ಮಾತಾಡುವುದು ಯಾವಾಗ? ವಾರಕ್ಕೊಮ್ಮೆ, ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಆದರೆ ಕಷ್ಟ ಬಂದಾಗ ಈ ನಿಯಮ ಲೆಕ್ಕಕ್ಕಿಲ್ಲ, ಯಾವ ಹೊತ್ತಿಗಾದರೂ ಫೋನ್ ಮಾಡು ಅಂತ ಅವಳಿಗೆ ಬಾಯಿ ಬಿಟ್ಟು ಹೇಳಿ.

ಕಷ್ಟ ಅಂದರೆ ಏನು ಅಂತಲೂ ಹೇಳಬೇಕು. ಇದು ನಮ್ಮ ಮನೆಗಳಲ್ಲಿ ಆಡದ ಮಾತು. ಯಾರಾದರೂ ಮೈ ಮುಟ್ಟಿದರೆ, ಬಟ್ಟೆ ಬದಲಿಸುವಾಗ ಬಾಗಿಲು ತೆರೆದು ಬಂದರೆ, ಪಾಸ್‌ಪೋರ್ಟ್ ಕೊಡು ನಾನಿಟ್ಟುಕೊಳ್ಳುತ್ತೇನೆ ಅಂದರೆ, ‘ಇದನ್ನು ಯಾರಿಗೂ ಹೇಳಬೇಡ’ ಅಂದರೆ, ಅದು ಆ ಮನೆಯ ಪದ್ಧತಿ ಅಲ್ಲ. ಹೊಂದಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಅವಳಿಗೆ ಒಂದು ಗುರುತಿನ ಕಾರ್ಡು ಕೊಡುತ್ತಾರೆ. ಅದರಲ್ಲಿ ಪ್ರತಿನಿಧಿಯ ನಂಬರು, ಸಂಸ್ಥೆಯ ತುರ್ತು ನಂಬರು, ಅಮೆರಿಕ ವಿದೇಶಾಂಗ ಇಲಾಖೆಯ ಸಹಾಯವಾಣಿ ಎಲ್ಲ ಇರುತ್ತದೆ. ಫೋನ್ ಕಳೆದರೂ ಸಿಗುವ ಹಾಗೆ ಅವನ್ನು ಒಂದು ಚೀಟಿಯಲ್ಲಿ ಬರೆದು ಕಂಪಾಸ್ ಪೆಟ್ಟಿಗೆಯಲ್ಲಿಡಲಿ. ಪೊಲೀಸರಿಗೆ 911. ಇಂಥ ದೂರು ಬಂದರೆ ಸಂಸ್ಥೆ ಅದನ್ನು ಪೊಲೀಸರಿಗೂ ಇಲಾಖೆಗೂ ತಿಳಿಸಲೇಬೇಕು. ಇಷ್ಟು ದೊಡ್ಡದಲ್ಲದಿದ್ದರೂ, ಸುಮ್ನೆ ಹೊಂದಾಣಿಕೆ ಆಗದಿದ್ದರೂ, ಮನೆ ಬದಲಿಸಿಕೊಡಿ ಅಂತ ಕೇಳಬಹುದು. ವರ್ಷದ ನಡುವೆ ಮನೆ ಬದಲಾಗುವುದು ಅಪರೂಪವೇನಲ್ಲ, ಅದರಲ್ಲಿ ಮಾನ ಹೋಗುವಂಥದ್ದೂ ಇಲ್ಲ. ‘ಮಂದಿ ಏನಂದಾರು, ಹೆಂಗಾದ್ರೂ ಒಂದು ವರ್ಷ ಕಳಿ’ ಅಂತ ನೀವು ಮಾತ್ರ ಅನ್ನಬೇಡಿ.

ಇಲ್ಲಿನ ಓದಿನ ಕಡೆಯೂ ಗಮನ ಇರಲಿ. ಪಿಯುಸಿ ಒಂದು ವರ್ಷ ಮುಂದೆ ಹೋಗುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ. ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅಂತ ಕೇಳುತ್ತಾರಲ್ಲ, ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಶಾಲೆಯಲ್ಲಿ ಬರೆಸಿ ಬಿಇಒ ಸಹಿ ಹಾಕಿಸಿಕೊಳ್ಳಿ. ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನೂ ಅವಳು ಇಲ್ಲಿರುವಾಗಲೇ ಮಾಡಿಸಿಡಿ. ಆಮೇಲೆ ಅವಳು ಅಲ್ಲಿ, ನೀವು ಸರ್ಕಾರಿ ಕಚೇರಿಯ ಮುಂದೆ ಅಂತಾಗಬಾರದು.

ಕೊನೆಗೆ, ಆ ಪತ್ರ. ಅದನ್ನು ಟ್ಯೂಶನ್ ಸರ್ ಕೈಲಿ ಬರೆಸಬೇಡಿ, ದಯವಿಟ್ಟು. ಆ ಮನೆಯವರು ಅವಳನ್ನು ಮೊದಲು ನೋಡುವುದು ಅದರಲ್ಲೇ. ನಾಯಿ ಕಂಡರೆ ಹೆದರಿಕೆ ಇದ್ದರೆ ಬರೆಯಲಿ, ಅಲ್ಲಿ ಎಷ್ಟೋ ಮನೆಗಳಲ್ಲಿ ನಾಯಿ ಸೋಫಾ ಮೇಲೇ ಮಲಗಿರುತ್ತದೆ. ಬೆಳಿಗ್ಗೆ ಬೇಗ ಏಳಲು ಬರುವುದಿಲ್ಲ ಅಂತ ಬರೆಯಲಿ. ಅಡಿಗೆ ಬರುವುದಿಲ್ಲ, ಕಲಿಯಲು ಆಸೆ ಇದೆ, ಗಣಿತ ಅಂದರೆ ಬೇಸರ, ಏನಿದೆಯೋ ಅದನ್ನು ಬರೆಯಲಿ. ಇಂಗ್ಲಿಷಿನಲ್ಲಿ ನಾಲ್ಕು ತಪ್ಪಿದ್ದರೆ ಇರಲಿ ಬಿಡಿ. ಸರ್ ಬೇಕಾದರೆ ಸ್ಪೆಲಿಂಗ್ ಅಷ್ಟೇ ನೋಡಿಕೊಡಲಿ. ನೀವು ಮಾತ್ರ ಪಕ್ಕದಲ್ಲಿ ಕೂತು ‘ಅದನ್ಯಾಕ ಬರೀತಿ’ ಅನ್ನಬೇಡಿ.

– ಸಂ.